ಮೇರಿ ಹೋದ ಮೇಲೆ ಬಂದ ಹಾಡುಗಳು

ಅಮೆರಿಕದ ಜಾನಪದ ಹಾಡುಗಾರ್ತಿ ಮೇರಿ ಟ್ರಾವರ್ಸ್ ತೀರಿಕೊಂಡದ್ದು 2009ರಲ್ಲಿ. ‘ಡಿಸ್ಕವರ್ಡ್: ಲೈವ್ ಇನ್ ಕನ್ಸರ್ಟ್’ ಆಲ್ಬಂ ಬಂದದ್ದು 2014ರಲ್ಲಿ. ಮೇರಿ ಇದ್ದ ‘ಪೀಟರ್, ಪಾಲ್ ಅಂಡ್ ಮೇರಿ’ ತಂಡದ ಹಳೆಯ ಲೈವ್ ರೆಕಾರ್ಡಿಂಗ್‌ಗಳು ಇವು. ಹಿಂದಿನ ಯಾವ ಆಲ್ಬಂನಲ್ಲೂ ಇಲ್ಲದ ಹಾಡುಗಳು. ಆ ದನಿಯಲ್ಲಿ ಇನ್ನು ಹೊಸದೇನೂ ಸಿಗಲ್ಲ ಅಂದುಕೊಂಡಿದ್ದ ನನಗೆ ಎಷ್ಟು ಖುಷಿಯಾಯಿತೋ!

ದಾವಣಗೆರೆಯಲ್ಲಿ ಇವರನ್ನು ಕೇಳುವವರು ಜಾಸ್ತಿ ಇಲ್ಲ. ಮಂಡಿಪೇಟೆ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಕಾಲದಿಂದ ನಾನು ಕೇಳುತ್ತಿದ್ದೇನೆ. ಮೂರು ದನಿ, ಎರಡು ಗಿಟಾರ್. 1961ರಲ್ಲಿ ನ್ಯೂಯಾರ್ಕ್‌ನಲ್ಲಿ ಕೂಡಿದವರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಸಭೆಯಲ್ಲಿ ಹಾಡಿದವರು. 1970ರಲ್ಲಿ ಬೇರೆಯಾಗಿ, 1978ರಲ್ಲಿ ಮತ್ತೆ ಸೇರಿದರು.

ಲೈವ್ ಅಂದರೆ ನನಗೆ ಪ್ರಾಣ. ಸ್ಟುಡಿಯೋದಲ್ಲಿ ಬೇಕಾದಷ್ಟು ಸಲ ಹಾಡಬಹುದು, ಇಲ್ಲಿ ಒಂದೇ ಸಲ. ಒಬ್ಬರು ಸೊಲ್ಲು ಎತ್ತುತ್ತಾರೆ, ಇನ್ನಿಬ್ಬರು ಮೇಲೊಂದು ಕೆಳಗೊಂದು ದನಿ ಸೇರಿಸುತ್ತಾರೆ. ಮೇರಿಯದು ತಗ್ಗಿನ ಗಟ್ಟಿ ದನಿ. ನಮ್ಮ ಸೋಬಾನೆಯಲ್ಲೂ ಹಾಗೇ ಅಲ್ವಾ? ಒಬ್ಬಾಕೆ ಶುರು ಮಾಡಿದರೆ ಉಳಿದವರು ಎತ್ತಿಕೊಳ್ಳುತ್ತಾರೆ. ಆದರೆ ನಮ್ಮಲ್ಲಿ ಎಲ್ಲರದೂ ಒಂದೇ ಸ್ವರ.

ಅಂಗಡಿ ಮುಚ್ಚಿದರೂ ನನ್ನ ಹತ್ತಿರ ಕ್ಯಾಸೆಟ್ ತರುವವರು ಇದ್ದಾರೆ. ಈಚೆಗೆ ಚಳ್ಳಕೆರೆ ಕಡೆಯ ಹೆಣ್ಣುಮಗಳೊಬ್ಬಳು ಮದುವೆಯಲ್ಲಿ ಅವಳ ಅಜ್ಜಿ ಸೋಬಾನೆ ಹೇಳಿದ್ದ ಟೇಪ್ ತಂದಳು. ಟೇಪನ್ನು ಪ್ಲೇಯರ್‌ನ ಹೆಡ್‌ಗೆ, ಅಂದರೆ ಟೇಪಿನಿಂದ ದನಿ ಎತ್ತಿಕೊಳ್ಳುವ ಭಾಗಕ್ಕೆ, ಒತ್ತಿ ಹಿಡಿಯುವ ಸಣ್ಣ ಸ್ಪಂಜು ಉದುರಿತ್ತು, ಅಂಚಿಗೆ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಿದರೆ ಹೆಡ್ಡೂ ಹಾಳು, ಆ ಪ್ಲೇಯರ್‌ಗೆ ಹಾಕುವ ಮುಂದಿನ ಟೇಪೂ ಹಾಳು. ಒಣಗಿಸಿ, ಒರೆಸಿ, ಸುರುಳಿ ಎರಡನ್ನೂ ಸ್ಕ್ರೂ ಇರುವ ಬೇರೆ ಕ್ಯಾಸೆಟ್‌ನ ಡಬ್ಬಿಗೆ ಹಾಕಿ, ಕೈಯಲ್ಲೇ ನಿಧಾನ ಸುತ್ತಿದೆ. ಆಮೇಲೆ ಕಂಪ್ಯೂಟರ್‌ಗೆ ಇಳಿಸಿದೆ.

ಅಜ್ಜಿ ದನಿ ಬಂತು. ಹಿಂದೆ ಬಳೆ ಸದ್ದು, ಮಗು ಅಳು, ‘ಎಲೆ ಹಾಕ್ರೋ’ ಅಂತ ಯಾರೋ ಕೂಗಿದ್ದು ಎಲ್ಲ ಇದೆ. ಅದನ್ನು ಕ್ಲೀನ್ ಮಾಡಲು ನಾನು ಒಪ್ಪಲಿಲ್ಲ. ಮದುವೆಮನೆ ಇರುವುದೇ ಅದರಲ್ಲಿ.

ಬಿ ಸೈಡ್ ತಿರುಗಿಸಿದರೆ ಸಿನಿಮಾ ಹಾಡು! ಯಾರೋ ಸೋಬಾನೆಯ ಮೇಲೇ ತುಂಬಿಸಿಬಿಟ್ಟಿದ್ದಾರೆ. ಅದು ಇನ್ನು ಬರಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

ನಿಮ್ಮ ಮನೆಯಲ್ಲಿ ಇಂಥ ಕ್ಯಾಸೆಟ್ ಇದ್ದರೆ ಮೊದಲು ಅದರ ಬೆನ್ನಿನ ಅಂಚು ನೋಡಿ. ಎರಡು ತುದಿಗೆ ಎರಡು ಪ್ಲಾಸ್ಟಿಕ್ ಚೂರು ಇರುತ್ತವೆ. ಇವತ್ತೇ ಮುರಿದು ಹಾಕಿ. ಆಮೇಲೆ ಅದರ ಮೇಲೆ ರೆಕಾರ್ಡ್ ಬಟನ್ ಒತ್ತಲಿಕ್ಕೆ ಆಗುವುದಿಲ್ಲ.