ಕತ್ತರಿ ಬಿದ್ದ 15 ಸೆಕೆಂಡು

ಭಾಷಾ ಬೋಧನೆಯ ಬಗ್ಗೆ ನಡೆದ ಸಂಶೋಧನೆಯನ್ನು ಓದಿ, ಅದರ ತಿರುಳನ್ನು ಎರಡು ನಿಮಿಷದ ಕನ್ನಡ ವಿಡಿಯೊ ಮಾಡಿ ಶಿಕ್ಷಕರಿಗೆ ಮುಟ್ಟಿಸುವುದು ನನ್ನ ಕೆಲಸ. ನೋಡುವವರು ಬೆಳಿಗ್ಗೆ ಹಾಲು ಹಂಚಿ, ಮಧ್ಯಾಹ್ನ ಬಿಸಿಯೂಟದ ಲೆಕ್ಕ ಬರೆದು, ಸಂಜೆ ಬಸ್ಸಿಗೆ ಓಡುವವರು. ಅವರ ಕೈಗೆ ಮೂವತ್ತು ಪುಟದ ಪ್ರಬಂಧ ಕೊಡುವುದು ಅನ್ಯಾಯ. ಹಾಗಾಗಿ ಎಷ್ಟು ಕತ್ತರಿಸಿದರೆ ಅಷ್ಟು ಜಾಣ್ಮೆ ಎಂದುಕೊಂಡಿದ್ದೆ.

ಒಮ್ಮೆ ಕೈಗೆತ್ತಿಕೊಂಡದ್ದು ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನ. ಕೆನಡಾದ ಮಾಂಟ್ರಿಯಲ್ ಪ್ರದೇಶದ ಫ್ರೆಂಚ್ ತರಗತಿಗಳಲ್ಲಿ ಮಕ್ಕಳು ತಪ್ಪಿದಾಗ ಶಿಕ್ಷಕರು ಹೇಗೆ ತಿದ್ದುತ್ತಾರೆ ಎಂಬುದು ಅವರ ಪ್ರಶ್ನೆ. ತಪ್ಪು ಎನ್ನದೆ, ಸರಿಯಾದ ರೂಪವನ್ನು ತಾವೇ ಹೇಳಿ ಮುಂದೆ ಹೋಗುವುದು ಶಿಕ್ಷಕರ ಮೆಚ್ಚಿನ ದಾರಿ. ತಿದ್ದುಪಡಿಗಳಲ್ಲಿ ಶೇ 55ರಷ್ಟು ಇಂಥವೇ. ನಮ್ಮಲ್ಲೂ ಅಷ್ಟೇ. ಮಗು 'ಐ ಗೋ ಯೆಸ್ಟರ್‌ಡೇ' ಎಂದರೆ ನಾವು 'ಓಹೋ, ಯು ವೆಂಟ್ ಯೆಸ್ಟರ್‌ಡೇ' ಎನ್ನುತ್ತೇವೆ. ಮಗು 'ಎಸ್ ಮಿಸ್' ಎಂದು ಜಾತ್ರೆಯ ಕತೆ ಮುಂದುವರಿಸುತ್ತದೆ. ಅಲ್ಲಿ ಇಂಥ ತಿದ್ದುಪಡಿಗೆ ಮಕ್ಕಳು ಸ್ಪಂದಿಸಿದ್ದು ಶೇ 31ರಷ್ಟು ಸಲ ಮಾತ್ರ. ಸರಿರೂಪವನ್ನು ಮಗುವಿನ ಬಾಯಿಂದಲೇ ಹೊರಡಿಸಲು ನೋಡಿದಾಗ ಪ್ರತಿ ಸಲವೂ ಸ್ಪಂದನೆ ಇತ್ತು.

'ತಿದ್ದಬೇಡಿ, ಹೇಳಿಸಿ' ಎಂಬ 90 ಸೆಕೆಂಡಿನ ವಿಡಿಯೊ ಸಿದ್ಧವಾಯಿತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚೆನ್ನಾಗಿಯೇ ಓಡಿತು. ಹದಿನೈದು ದಿನ ಕಳೆದು ನಲಿ-ಕಲಿ ಶಿಕ್ಷಕಿಯೊಬ್ಬರು ಫೋನ್ ಮಾಡಿದರು.

"ಮೇಡಂ, ಒಂದನೇ ತರಗತಿಯ ಹುಡುಗಿ ಈಗ ತಾನೇ ಎರಡು ಇಂಗ್ಲಿಷ್ ಮಾತು ಆಡಲು ಶುರುಮಾಡಿದ್ದಳು. ನಿಮ್ಮ ವಿಡಿಯೊ ನೋಡಿ, 'ಯೋಚಿಸಿ ಇನ್ನೊಮ್ಮೆ ಹೇಳು' ಎಂದೆ. ನಾಲ್ಕು ದಿನವಾಯಿತು, ಬಾಯಿಯೇ ಬಿಡುತ್ತಿಲ್ಲ."

ಹಳೆಯ ಕರಡು ತೆಗೆದು ನೋಡಿದೆ. ಕೆನಡಾದ ಆ ಮಕ್ಕಳು ದಿನದ ಪಾಠಗಳನ್ನೇ ಫ್ರೆಂಚಿನಲ್ಲಿ ಕಲಿಯುವವರು, ಮೇಲಿನ ತರಗತಿಯವರು. ಸರಿರೂಪ ಅವರ ತಲೆಯಲ್ಲಿ ಎಲ್ಲೋ ಇರುತ್ತದೆ, ಕೆದಕಿದರೆ ಸಿಗುತ್ತದೆ. ಈ ಹುಡುಗಿ 'ವೆಂಟ್' ಎಂಬುದನ್ನು ಕೇಳಿಯೇ ಇರಲಿಕ್ಕಿಲ್ಲ. ಬಾವಿಯಲ್ಲಿ ನೀರಿಲ್ಲದೆ ಹಗ್ಗ ಇಳಿಸಿದರೆ ಏನು ಬಂದೀತು? ಆ ಮಕ್ಕಳು ಎಂಥವರು ಎಂಬ ಮಾತು ನನ್ನ ಕರಡಿನಲ್ಲಿತ್ತು. ಓಟ ನಿಧಾನವಾಗುತ್ತದೆಂದು ಆ 15 ಸೆಕೆಂಡನ್ನು ನಾನೇ ಕತ್ತರಿಸಿದ್ದೆ.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಧ್ಯಯನ ಎಣಿಸಿದ್ದು ಆ ಕ್ಷಣದ ಸ್ಪಂದನೆಯನ್ನು. ನನ್ನ ವಿಡಿಯೊದಲ್ಲಿ ಅದು 'ಮಕ್ಕಳು ಹೀಗೆ ಬೇಗ ಕಲಿಯುತ್ತಾರೆ' ಎಂದಾಗಿತ್ತು. ನನಗೆ ಹೆಚ್ಚು ನಾಚಿಕೆಯಾದದ್ದು ಇದಕ್ಕೆ.

ಹಳೆಯದನ್ನು ಅಳಿಸಿ ಹೊಸದಾಗಿ ಮಾಡಿದೆವು. ಈಗ 'ಯಾವ ಮಕ್ಕಳು, ಎಷ್ಟು ವರ್ಷ ಆ ಭಾಷೆ ಕೇಳಿದವರು' ಎಂಬುದೇ ಮೊದಲ ಮಾತು. ಅವಧಿ ಎರಡು ನಿಮಿಷ ದಾಟಿತು. ಆ ಶಿಕ್ಷಕಿಗೇ ಮೊದಲು ಕಳಿಸಿದೆ. ರಾತ್ರಿ ಉತ್ತರ ಬಂತು: "ಈಗ ಸರಿಯಾಗಿದೆ ಮೇಡಂ. ಹಿನ್ನೆಲೆ ಸಂಗೀತ ತೆಗೆಯಿರಿ, ಬಸ್ಸಿನಲ್ಲಿ ನಿಮ್ಮ ಮಾತು ಕೇಳಿಸುವುದಿಲ್ಲ."