ಚಾಲಿ ಮಾಡಿದ ವರ್ಷ

ಶಿರಸಿಯ ಅಡಿಕೆ ಮಾರುಕಟ್ಟೆ. ವ್ಯಾಪಾರಿಯೊಬ್ಬರು ನಮ್ಮ ಚೀಲಕ್ಕೆ ಕೈ ಹಾಕಿ ಒಂದು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿದರು. ಬೆಳ್ಳಗೆ ಇರಬೇಕಾದ ಕಡೆ ಕಂದು ಕಲೆ. ಇನ್ನೊಂದು ಕತ್ತರಿಸಿದರು, ಅದೂ ಹಾಗೇ. ಮಾತಾಡದೆ ಚೀಟಿಯಲ್ಲಿ ದರ ಬರೆದು ಪಕ್ಕದ ಚೀಲಕ್ಕೆ ಹೋದರು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ತಪ್ಪು ನನ್ನದೇ. ನಮ್ಮನೆಯಲ್ಲಿ ಅಜ್ಜನ ಕಾಲದಿಂದ ರಾಶಿ ಅಡಿಕೆ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ. ಹಸಿರಿರುವಾಗಲೇ ಅಡಿಕೆ ಗೊನೆ ಕೊಯ್ದು, ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿದು, ಬಣ್ಣಕ್ಕೆ ತೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಹಂಡೆಯಲ್ಲಿ ಬೇಯಿಸಬೇಕು. ಕಟ್ಟಿಗೆ ಬೆಟ್ಟದ್ದು. ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅನ್ನೋದು ಬ್ರಿಟಿಷರ ಕಾಲದ ಲೆಕ್ಕ. ಕಣಿವೆಯ ತೋಟಕ್ಕೆ ಸೊಪ್ಪು, ದನಕ್ಕೆ ಹುಲ್ಲು, ಒಲೆಗೆ ಸೌದೆ, ಎಲ್ಲ ಮೇಲಿಂದಲೇ ಇಳಿದು ಬರಬೇಕು.

ಆ ವರ್ಷ ಸುಲಿಯಲು ಜನ ಸಿಗಲಿಲ್ಲ. ಸಿಕ್ಕವರ ಕೂಲಿ ಕೇಳಿ, ರಾಶಿಗೂ, ಹಣ್ಣಡಿಕೆ ಒಣಗಿಸಿ ಸುಲಿದ ಬಿಳಿ ಚಾಲಿಗೂ ಇರುವ ದರದ ವ್ಯತ್ಯಾಸ ಹಿಡಿದು ಕ್ಯಾಲ್ಕುಲೇಟರ್ ಒತ್ತಿದೆ. ಚಾಲಿಯೇ ಗಿಟ್ಟುತ್ತದೆ ಅನ್ನಿಸಿತು. ಮರದಲ್ಲೇ ಹಣ್ಣಾಗಲು ಬಿಡೋದು, ಕೊಯ್ದು 40–45 ದಿನ ಅಂಗಳದಲ್ಲಿ ಹರವೋದು, ಆಮೇಲೆ ನಿಧಾನಕ್ಕೆ ಸುಲಿಯೋದು. ಬೇಯಿಸೋ ಗೋಜೇ ಇಲ್ಲ. ಬೇಕಾದ್ದು ಬಿಸಿಲೊಂದೇ, ಅದಕ್ಕೆ ಕೂಲಿ ಇಲ್ಲ ಅಲ್ವಾ?

ಅಪ್ಪ ಮಾತ್ರ ಹೇಳಿದ್ದರು, "ಈ ಬಿಸ್ಲು ನಂಬಡ ತಮಾ."

ಸಂಕ್ರಾಂತಿ ಎದುರಿಗೆ ಮೂರು ದಿನ ಮಳೆ ಹಿಡಿಯಿತು. ಜನವರಿಯಲ್ಲಿ! ಅಂಗಳದ ತುಂಬ ಹಣ್ಣಡಿಕೆ. ಕತ್ತಲಲ್ಲಿ ನಾನು, ಹೆಂಡತಿ, ಅಪ್ಪ ಸೇರಿ ತಾಡಪತ್ರಿ ಎಳೆದೆವು. ಗಾಳಿಗೆ ಒಂದು ತುದಿ ಹಾರಿದರೆ ಅದರ ಮೇಲೆ ಕಲ್ಲು, ಇನ್ನೊಂದು ಹಾರಿದರೆ ಅಪ್ಪನೇ ನಿಲ್ಲುವುದು. ಮಳೆ ಬಿಟ್ಟ ಮೇಲೆ ತಾಡಪತ್ರಿ ಎತ್ತಿದರೆ ಮುಖಕ್ಕೆ ಬಿಸಿ ಹಬೆ, ಹುಳಿ ವಾಸನೆ. ಮೇಲಿನ ಅಡಿಕೆ ತಣ್ಣಗಿತ್ತು, ಒಳಗೆ ಕೈ ತೂರಿಸಿದರೆ ಬೆಚ್ಚಗೆ. ಮುಂದೆ ಬಿಸಿಲು ಚೆನ್ನಾಗೇ ಬಿತ್ತು. ಸಿಪ್ಪೆ ಗಲಗಲ ಒಣಗಿತು. ಸುಲಿದಾಗಲೂ ಹೊರಗಡೆ ಏನೂ ಕಾಣಲಿಲ್ಲ. ಬಚಾವಾದೆ ಅಂದುಕೊಂಡೇ ಚೀಲ ಹೊಲಿಸಿದ್ದೆ.

ಮಧ್ಯಾಹ್ನ ದರ ಗೊತ್ತಾಯಿತು. ಪಕ್ಕದವರ ಚಾಲಿಗಿಂತ ಕ್ವಿಂಟಾಲಿಗೆ 3 ಸಾವಿರ ಕಡಿಮೆ. ಅವರು ಮನೆಯ ಮಾಳಿಗೆ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮಾಡು ಹಾಕಿಸಿದ್ದಾರಂತೆ. ಖರ್ಚು ಕೇಳಿದೆ. ಕೇಳಿ ಸುಮ್ನಾದೆ. ನನಗೆ ಉಳಿದಿದ್ದ ಕೂಲಿಗಿಂತ ಅದೇ ಜಾಸ್ತಿ.

ಮನೆಗೆ ಬಂದು ದರ ಹೇಳಿದೆ. ಅಪ್ಪ ಎಲೆಯಡಿಕೆ ಕವಳದ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಮೆಣಸಿನಕಾಳು ಒಣಗಿದ್ದು ತಮಾ, ಚೀಲಕ್ಕೆ ತುಂಬು" ಎಂದರು.