ಡಬ್ಬದ ಹಿಂಬದಿ ಓದೋದು ಕಲಿತದ್ದು ಹೀಗೆ

ಜಿಮ್ ಟ್ರೇನರ್ ಆದ ಹೊಸತರಲ್ಲಿ ಯಾರಾದರೂ ಸಪ್ಲಿಮೆಂಟ್ ಡಬ್ಬ ತಂದು ತೋರಿಸಿದರೆ ನಾನು ಮುಂದಿನ ದೊಡ್ಡಕ್ಷರ ಮಾತ್ರ ನೋಡುತ್ತಿದ್ದೆ. ಹಾಗೆ ನೋಡಿಯೇ ಒಬ್ಬ ಹುಡುಗನಿಗೆ ವ್ಯಾಯಾಮಕ್ಕೆ ಮುಂಚೆ ಹುರುಪಿಗೆ ಅಂತ ಕುಡಿಯುವ ಒಂದು ಪ್ರೀ-ವರ್ಕೌಟ್ ಪುಡಿಗೆ "ತಗೋ, ಚೆನ್ನಾಗಿದೆ" ಅಂದುಬಿಟ್ಟೆ.

ಒಂದು ವಾರ ಆಗಿರಬಹುದು. ಸ್ಕ್ವಾಟ್ ಮಾಡುತ್ತಿದ್ದವನು ಬಾರ್ ಇಟ್ಟು ನೆಲದ ಮೇಲೆ ಕೂತ. ಬೆರಳು ನಡುಗುತ್ತಿತ್ತು. "ಸರ್, ಎದೆ ಡವಡವ ಅಂತಿದೆ" ಅಂದ. ತಕ್ಷಣ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು, ಸದ್ಯ ಏನೂ ಆಗಲಿಲ್ಲ. ವಾಪಸ್ ಬಂದು ಡಬ್ಬ ತಿರುಗಿಸಿದೆ. ಒಂದು ಸರ್ವಿಂಗ್ ಅಂದರೆ ಒಂದು ಸ್ಕೂಪ್, ಅದರಲ್ಲಿ ಕೆಫೀನ್ 200 ಮಿಲಿಗ್ರಾಂ. ಅವನು ಹಾಕಿಕೊಂಡಿದ್ದು ಎರಡು ಸ್ಕೂಪ್. ಕೆಳಗೆ ಗೌರಾನಾ ಸಾರ ಅಂತ ಬೇರೆ ಸಾಲು ಇತ್ತು, ಗೌರಾನಾ ಬೀಜದಲ್ಲಿ ಇರೋದೂ ಕೆಫೀನೇ. ಇದರ ಮೇಲೆ ಮನೆಯಿಂದ ಹೊರಡುವಾಗ ಕುಡಿದ ಕಾಫಿ. ಆರೋಗ್ಯವಾಗಿರುವ ದೊಡ್ಡವರಿಗೆ ಇಡೀ ದಿನಕ್ಕೆ 400 ಮಿಲಿಗ್ರಾಂ ದಾಟಬಾರದು ಅಂತಾರೆ, ಇವನು ಅದನ್ನು ಒಂದೇ ಗಂಟೆಯಲ್ಲಿ ಮುಗಿಸಿದ್ದ. ತಪ್ಪು ಅವನದಲ್ಲ, ನನ್ನದು.

ಅಂದಿನಿಂದ ಮೊದಲು ಸರ್ವಿಂಗ್ ಸೈಜ್ ನೋಡುತ್ತೇನೆ, ಯಾಕಂದ್ರೆ ಪಕ್ಕದ ಅಂಕಿಗಳೆಲ್ಲ ಅದಕ್ಕೇ ಸೇರಿದ್ದು.

ಆಮೇಲೆ "ಪ್ರೊಪ್ರೈಟರಿ ಬ್ಲೆಂಡ್", ಅಂದ್ರೆ ಕಂಪನಿಯದೇ ಮಿಶ್ರಣ, ಅಂತ ಇದೆಯಾ ನೋಡಿ. ಎಂಟು ಹೆಸರು ಬರೆದು, ಒಟ್ಟು 5 ಗ್ರಾಂ ಅಂತ ಮಾತ್ರ ಹಾಕಿರುತ್ತಾರೆ. ಯಾವುದು ಎಷ್ಟು ಅಂತ ಗೊತ್ತಾಗೋದೇ ಇಲ್ಲ. ಇಂಥ ಪುಡಿಗಳಲ್ಲಿ ಹಾಕುವ ಸಿಟ್ರುಲಿನ್ ಮ್ಯಾಲೇಟ್ ಒಂದನ್ನೇ ಸಾಮಾನ್ಯವಾಗಿ 6ರಿಂದ 8 ಗ್ರಾಂ ತಗೊಳ್ತಾರೆ, ಕ್ರಿಯೇಟಿನ್ ದಿನಕ್ಕೆ 3ರಿಂದ 5 ಗ್ರಾಂ. ಎಂಟೂ ಸೇರಿ 5 ಗ್ರಾಂ ಅಂದ್ರೆ ಕೆಲವು ಸುಮ್ನೆ ಹೆಸರಿಗೆ ಉದುರಿಸಿರೋದು ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತೆ, ಅಲ್ವಾ? ಇಂಥ ಡಬ್ಬ ನಾನು ಯಾರಿಗೂ ಹೇಳಲ್ಲ.

ಹಾಲಿನಿಂದ ತೆಗೆದ ವೇ ಪ್ರೋಟೀನ್‌ನಲ್ಲಿ ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ಜಾಸ್ತಿ ತೂಕದ್ದು ಮೊದಲು ಬರುತ್ತೆ. ಅಲ್ಲಿ ಗ್ಲೈಸಿನ್, ಟಾರಿನ್ ಅನ್ನೋ ಬಿಡಿ ಅಮೈನೋ ಆಮ್ಲಗಳು ಕಂಡರೆ ನನಗೆ ಅನುಮಾನ. ಸಾಮಾನ್ಯ ಪರೀಕ್ಷೆಯಲ್ಲಿ ಅಳೆಯೋದು ಪ್ರೋಟೀನನ್ನಲ್ಲ, ನೈಟ್ರೋಜನ್ನನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಇಷ್ಟು ಅಂತ ಬರೆಯುತ್ತಾರೆ. ಅಗ್ಗದ ಗ್ಲೈಸಿನ್ ಬೆರೆಸಿದರೂ ನೈಟ್ರೋಜನ್ ಏರುತ್ತೆ, ಡಬ್ಬದ ಮೇಲಿನ ಅಂಕಿಯೂ ಏರುತ್ತೆ, ಆದರೆ ಸ್ನಾಯುಗೆ ಬೇಕಾದ ಪೂರ್ತಿ ಪ್ರೋಟೀನ್ ಸಿಕ್ಕಿರಲ್ಲ.

ಆ ಹುಡುಗ ಈಗಲೂ ಬರುತ್ತಾನೆ. ಏನಾದರೂ ಕೊಳ್ಳುವ ಮುಂಚೆ ಫೋಟೋ ಕಳಿಸುತ್ತಾನೆ, ಡಬ್ಬದ ಹಿಂಬದಿಯದ್ದು.